ವೈರಸ್ ಒತ್ತುವ ಒರಳು

2013-14ರ ಸುಮಾರಿಗೆ ಬಹರೈನ್‌ನಲ್ಲಿ ಇದ್ದವರು ಆ ಶಾರ್ಟ್‌ಕಟ್ ಕಾಟವನ್ನು ಮರೆತಿರಲಿಕ್ಕಿಲ್ಲ. ಪೆನ್ ಡ್ರೈವ್ ಚುಚ್ಚಿದರೆ ಒಳಗಿದ್ದ ಫೋಲ್ಡರುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಪುಟ್ಟ ಬಾಣದ ಗುರುತಿನ ಶಾರ್ಟ್‌ಕಟ್‌ಗಳು. ಸಿ.ವಿ. ಪ್ರಿಂಟ್ ತೆಗೆಸಲು ಟೈಪಿಂಗ್ ಸೆಂಟರಿಗೆ ಹೋದರೆ ಅಲ್ಲಿಂದ ಹತ್ತಿಸಿಕೊಂಡು ಬರುವುದು, ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಅಂತ ಸ್ಟುಡಿಯೋಗೆ ಹೋದರೆ ಅಲ್ಲಿಗೆ ದಾಟಿಸಿ ಬರುವುದು. ಉಮ್ ಅಲ್ ಹಸ್ಸಮ್‌ನ ನಮ್ಮ ಕಟ್ಟಡದಲ್ಲಿ ಆಗ ಒಂದೊಂದು ಫ್ಲ್ಯಾಟಿನಲ್ಲಿ ಆರೇಳು ಜನ ಬ್ಯಾಚುಲರ್‌ಗಳು, ಅಷ್ಟೂ ಜನಕ್ಕೆ ಸೇರಿ ಒಂದೋ ಎರಡೋ ಲ್ಯಾಪ್‌ಟಾಪ್. ಒಬ್ಬನ ಪೆನ್ ಡ್ರೈವಿಗೆ ಬಂತೆಂದರೆ ನೆಗಡಿ ಬಂದ ಹಾಗೆ, ವಾರದೊಳಗೆ ಎಲ್ಲರಿಗೂ.

ಈ ವೈರಸ್ ನಮ್ಮ ಕಡತಗಳನ್ನು ಅಳಿಸುತ್ತಿರಲಿಲ್ಲ, ಕಣ್ಣಿಗೆ ಕಾಣದಂತೆ ಅಡಗಿಸಿಡುತ್ತಿತ್ತು ಅಷ್ಟೆ. ಶಾರ್ಟ್‌ಕಟ್ ಒತ್ತಿದರೆ ಮೊದಲು ವೈರಸ್ ಓಡಿ, ಆಮೇಲೆ ನಿಜವಾದ ಫೋಲ್ಡರ್ ತೆರೆದುಕೊಳ್ಳುತ್ತಿತ್ತು. ಹಾಗಾಗಿ ತುಂಬ ದಿನ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ. ನಿಜವಾದ ತಾಪತ್ರಯ ಶುರುವಾಗುತ್ತಿದ್ದದ್ದು ಆಂಟಿವೈರಸ್ ಎಚ್ಚೆತ್ತ ಮೇಲೆ. ಅದು ವೈರಸ್ ಕಡತವನ್ನು ಮಾತ್ರ ಕಿತ್ತು ಬಿಸಾಡುತ್ತಿತ್ತು. ಶಾರ್ಟ್‌ಕಟ್‌ಗಳು ಹಾಗೇ ಉಳಿಯುತ್ತಿದ್ದವು, ಅಡಗಿದ ಫೋಲ್ಡರುಗಳು ಅಡಗಿಯೇ ಇರುತ್ತಿದ್ದವು. ಈಗ ಶಾರ್ಟ್‌ಕಟ್ ಒತ್ತಿದರೆ ಸ್ಕ್ರಿಪ್ಟ್ ಕಡತ ಸಿಗುತ್ತಿಲ್ಲ ಅನ್ನುವ ಒಂದು ಸಂದೇಶ. ನೋಡಿದವನು ‘ಅಯ್ಯೋ, ಆಂಟಿವೈರಸ್ ಎಲ್ಲ ತಿಂದು ಹಾಕಿತು’ ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ.

ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಕುಂದಾಪುರದ ಗೆಳೆಯರೊಬ್ಬರು ಹಾಗೇ ಅಂದುಕೊಂಡು ಒಂದು ರಿಪೇರಿ ಅಂಗಡಿಗೆ ಹೋದರು. ಅಂಗಡಿಯವನು ಮೂರು ದಿನಾರ್ ತೆಗೆದುಕೊಂಡು, ‘ಡಾಟಾ ಹೋಗಿದೆ ಭಾಯ್, ಡ್ರೈವ್ ಉಳಿಸಿ ಕೊಡ್ತೇನೆ’ ಅಂತ ಫಾರ್ಮ್ಯಾಟ್ ಮಾಡಿ ಕೊಟ್ಟ. ಅದರಲ್ಲಿ ಇದ್ದದ್ದು ತೀರಿಕೊಂಡ ಅವರ ತಾಯಿಯ ಫೋಟೋಗಳು. ಅಡಗಿದ್ದ ಕಡತಗಳನ್ನು ಹೊರಗೆ ತರಲು ಬೇಕಾಗಿದ್ದದ್ದು ವಿಂಡೋಸ್‌ನಲ್ಲೇ ಇರುವ ಒಂದು ಸಾಲಿನ ಆದೇಶ. ಐ.ಟಿ. ಸಪೋರ್ಟ್ ಕೆಲಸ ಮಾಡುವ ನನ್ನಂಥವನು ಅವರ ಮೇಲಿನ ಮಹಡಿಯಲ್ಲೇ ಇದ್ದ. ಆದರೆ ನಾವು ಪರಸ್ಪರ ಪರಿಚಯವಾದದ್ದು ಅದಾದ ಮೇಲೆ.

ಈ ಲೇಖನ ಬರೆಯಲು ಕೂತದ್ದು ಆ ಶಾರ್ಟ್‌ಕಟ್ ವೈರಸ್ಸಿನ ಜಾತಕ ಹುಡುಕಿದಾಗ ಸಿಕ್ಕ ಸಂಗತಿಗಳಿಂದ. ಅದನ್ನು ಹರಡಿದ ನೂರಾರು ಜನರಲ್ಲಿ ಹೆಚ್ಚಿನವರಿಗೆ ಪ್ರೋಗ್ರಾಮ್ ಬರೆಯಲು ಬರುತ್ತಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಒಂದು ಒರಳು. ಅಷ್ಟಮಿಗೆ ನಮ್ಮ ಮನೆಗಳಲ್ಲಿ ಹೊರಗೆ ಬರುವ ಚಕ್ಕುಲಿ ಒರಳಿನ ಹಾಗೆ. ಹಿಟ್ಟು ತುಂಬಿ ಒತ್ತಿದರೆ ಸಾಕು, ಚಕ್ಕುಲಿ ಬರುತ್ತದೆ. ಬಿಲ್ಲೆ ಕೊರೆದ ಆಚಾರಿ ಬೇರೆ, ಒತ್ತುವವರು ಬೇರೆ. ಹೀಗೆ ವೈರಸ್ ಒತ್ತಿ ಕೊಡುವ ತಂತ್ರಾಂಶಗಳಿಗೆ ಕಿಟ್ ಅನ್ನುತ್ತಾರೆ. ಈ ಕಿಟ್‌ಗಳದ್ದೂ, ಅವನ್ನು ಹಿಡಿಯಲು ಹೊರಟ ಆಂಟಿವೈರಸ್‌ಗಳದ್ದೂ ಮೂವತ್ತೈದು ವರ್ಷದ ಕತೆ.

ಮೊದಮೊದಲು ವೈರಸ್ ಬರೆಯುವುದು ಕೈಕಸುಬು. 1986ರಲ್ಲಿ ಲಾಹೋರಿನ ಕಂಪ್ಯೂಟರ್ ಅಂಗಡಿಯ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಪಿ.ಸಿ.ಗಳ ಮೊದಲ ವೈರಸ್ ಅಂತ ಹೆಸರಾಯಿತು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಹಾಕಿದ್ದರು! 1990ರಲ್ಲಿ ಭಾರತದಲ್ಲಿ ಪತ್ತೆಯಾದದ್ದು ‘ಜೋಶಿ’. ಜನವರಿ 5ರಂದು ಕಂಪ್ಯೂಟರ್ ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡಿದರೇ ಬಿಡುತ್ತಿತ್ತು. ಲಾಹೋರಿನ ಅಣ್ಣತಮ್ಮಂದಿರ ಕತೆ ಹೇಳಿದ ಮೇಲೆ ಪುಣೆಯ ಅಣ್ಣತಮ್ಮಂದಿರನ್ನೂ ಹೇಳಬೇಕು. ಅಣ್ಣ ಕೈಲಾಶ್ ಕಾಟ್ಕರ್ ಕ್ಯಾಲ್ಕುಲೇಟರ್, ರೇಡಿಯೋ ರಿಪೇರಿಯಿಂದ ಶುರು ಮಾಡಿದವರು. ತಮ್ಮ ಸಂಜಯ್ ಕಂಪ್ಯೂಟರ್ ಓದಿದವರು. ರಿಪೇರಿಗೆ ಬರುತ್ತಿದ್ದ ಯಂತ್ರಗಳಲ್ಲಿ ವೈರಸ್ಸೇ ಜಾಸ್ತಿ ಅಂತ ಕಂಡು ತಮ್ಮ ಬರೆದ ಔಷಧವೇ 1995ರಲ್ಲಿ ಕ್ವಿಕ್ ಹೀಲ್ ಆಯಿತು. ಊರಿನಲ್ಲಿ ಕಂಪ್ಯೂಟರ್ ಇದ್ದ ಎಷ್ಟೋ ಮನೆಗಳಲ್ಲಿ ಆಂಟಿವೈರಸ್ ಅಂದರೆ ಅದೇ.

ಆ ಕಾಲದ ಆಂಟಿವೈರಸ್ ಕೆಲಸ ಮಾಡುತ್ತಿದ್ದ ಬಗೆ ಸರಳ. ಹೊಸ ವೈರಸ್ ಒಂದು ಸಿಕ್ಕಿದರೆ ಅದರೊಳಗೆ ಬೇರೆಲ್ಲೂ ಕಾಣದ ಒಂದು ತುಣುಕನ್ನು ಹುಡುಕಿ, ಅದನ್ನು ಗುರುತಾಗಿ ಪಟ್ಟಿಗೆ ಸೇರಿಸುವುದು. ಆಮೇಲೆ ಕಂಪ್ಯೂಟರಿನ ಪ್ರತಿ ಕಡತವನ್ನೂ ತೆರೆದು ಆ ಗುರುತು ಇದೆಯೇ ಅಂತ ನೋಡುವುದು. ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಕಳ್ಳರ ಫೋಟೋ ಇದ್ದ ಹಾಗೆ. ವೈರಸ್ಸುಗಳು ನೂರರ ಲೆಕ್ಕದಲ್ಲಿದ್ದಾಗ ಇದು ನಡೆಯುತ್ತಿತ್ತು.

1990ರಲ್ಲಿ ಜರ್ಮನಿಯಲ್ಲಿ ‘ವೈರಸ್ ಕನ್‌ಸ್ಟ್ರಕ್ಷನ್ ಸೆಟ್’ ಅನ್ನುವ ಪುಟ್ಟ ತಂತ್ರಾಂಶ ಬಂತು. ಅದರಲ್ಲಿ ಆಯ್ಕೆಗಳು ಕಡಿಮೆ, ಹುಟ್ಟುವ ವೈರಸ್ಸುಗಳೂ ಒಂದೇ ಥರ. ದೊಡ್ಡ ಗುಲ್ಲೆದ್ದದ್ದು 1992ರ ಜುಲೈಯಲ್ಲಿ. ‘ನ್ಯೂಕ್’ ಅನ್ನುವ ಗುಂಪಿನ, ‘ನೋವೇರ್ ಮ್ಯಾನ್’ ಅಂತ ಕರೆದುಕೊಳ್ಳುತ್ತಿದ್ದ ಒಬ್ಬಾತ ‘ವೈರಸ್ ಕ್ರಿಯೇಷನ್ ಲ್ಯಾಬೊರೇಟರಿ’, ಅಂದರೆ ವಿ.ಸಿ.ಎಲ್. ಬಿಟ್ಟ. ನೋಡಲು ಪಕ್ಕಾ ಕಂಪೆನಿ ಸಾಫ್ಟ್‌ವೇರ್. ಬಣ್ಣಬಣ್ಣದ ಮೆನು, ಮೌಸ್ ಹಿಡಿದು ಆರಿಸುವ ಸೌಕರ್ಯ, ಜೊತೆಗೆ ಕೈಪಿಡಿ. ಇನ್ನು ಮುಂದೆ ಶಾಲೆ ಮಕ್ಕಳೂ ವೈರಸ್ ಮಾಡುತ್ತಾರೆ, ಆಂಟಿವೈರಸ್ಸಿನ ಕತೆ ಮುಗಿಯಿತು ಅಂತ ಆಗ ಅನೇಕರಿಗೆ ಅನಿಸಿತು.

ಆದರೆ ನಡೆದದ್ದು ಬೇರೆ. ವಿ.ಸಿ.ಎಲ್.ನಿಂದ ಬಂದ ವೈರಸ್ಸುಗಳಲ್ಲಿ ಬಹುಪಾಲು ಸರಿಯಾಗಿ ಓಡುತ್ತಲೇ ಇರಲಿಲ್ಲ. ಅದಕ್ಕಿಂತ ಮುಖ್ಯ, ಒಂದೇ ಬಿಲ್ಲೆಯಿಂದ ಬಂದ ಚಕ್ಕುಲಿಯ ಮುಳ್ಳು ಒಂದೇ ಥರ ಇರುವ ಹಾಗೆ, ಒಂದೇ ಕಿಟ್‌ನಿಂದ ಬಂದ ವೈರಸ್ಸುಗಳಲ್ಲಿ ಒಂದೇ ಥರದ ತುಣುಕುಗಳು ಇರುತ್ತಿದ್ದವು. ಚಕ್ಕುಲಿ ದೊಡ್ಡದಿರಲಿ, ಚಿಕ್ಕದಿರಲಿ, ಸೀದಿರಲಿ, ಬಿಲ್ಲೆ ಯಾವುದೆಂದು ಗೊತ್ತಾಗಿಬಿಡುತ್ತದೆ. ಆಂಟಿವೈರಸ್ ಬರೆಯುವವರು ಒಂದೊಂದು ವೈರಸ್ಸಿನ ಹಿಂದೆ ಓಡುವುದನ್ನು ಬಿಟ್ಟು ಕಿಟ್ಟನ್ನೇ ತಂದು ಕೂತರು. ಅದರಿಂದ ತಾವೇ ರಾಶಿ ರಾಶಿ ಒತ್ತಿಸಿ, ಎಲ್ಲದರಲ್ಲೂ ಬದಲಾಗದೆ ಉಳಿಯುವುದು ಯಾವುದು ಅಂತ ನೋಡಿ, ಅದಕ್ಕೊಂದೇ ಗುರುತು ಬರೆದರು. ಇನ್ನೂ ಹುಟ್ಟದ ವೈರಸ್ಸೂ ಆ ಗುರುತಿಗೆ ಸಿಕ್ಕಿಬೀಳುವಂತಾಯಿತು. ಅದೇ ವರ್ಷ ‘ಡಾರ್ಕ್ ಏಂಜೆಲ್’ ಅನ್ನುವವನ ಹೆಸರಿನಲ್ಲಿ ಬಂದ ಪಿ.ಎಸ್.-ಎಂ.ಪಿ.ಸಿ. ಕಿಟ್ಟಿಗೆ ಮೆನು, ಮೌಸ್ ಯಾವ ಸಿಂಗಾರವೂ ಇರಲಿಲ್ಲ. ಬೇಕಾದ್ದನ್ನು ಒಂದು ಪಟ್ಟಿಯಲ್ಲಿ ಬರೆದುಕೊಟ್ಟರೆ ಆಯಿತು. ಆದರೆ ಅದು ಕೆಲಸ ಮಾಡುವ ವೈರಸ್ ಕೊಡುತ್ತಿತ್ತು. ಮುಂದೆ ಅದರಿಂದ ಸಾವಿರಗಟ್ಟಲೆ ವೈರಸ್ ಹುಟ್ಟಿ ಆಂಟಿವೈರಸ್ ಕಂಪೆನಿಗಳ ಪಟ್ಟಿ ಉಬ್ಬಿತು. ‘ನಾವು ಇಷ್ಟು ಸಾವಿರ ವೈರಸ್ ಹಿಡೀತೇವೆ’ ಅನ್ನುವ ಆ ಕಾಲದ ಡಬ್ಬಿ ಮೇಲಿನ ಜಾಹೀರಾತಿನಲ್ಲಿ ಇಂಥ ಕಿಟ್ ಸಂತಾನದ ಪಾಲೂ ಇತ್ತು ಅನ್ನುವುದು ಗಿರಾಕಿಗೆ ಗೊತ್ತಾಗುತ್ತಿರಲಿಲ್ಲ.

ಆಂಟಿವೈರಸ್‌ನವರ ನಿದ್ದೆ ಕೆಡಿಸಿದ್ದು ಕಿಟ್ ಅಲ್ಲ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಲ್ಗೇರಿಯಾದಿಂದ ಬಂದ ಒಂದು ಜೋಡಣೆ. ‘ಡಾರ್ಕ್ ಅವೆಂಜರ್’ ಅನ್ನುವವನು ಬರೆದ ‘ಮ್ಯುಟೇಷನ್ ಎಂಜಿನ್’. ಇದು ತಾನಾಗಿ ವೈರಸ್ ಮಾಡುವುದಿಲ್ಲ. ಯಾರೋ ಬರೆದ ವೈರಸ್ಸಿಗೆ ಇದನ್ನು ಕಟ್ಟಿದರೆ, ಪ್ರತಿ ಸಲ ನಕಲಾಗುವಾಗಲೂ ಆ ವೈರಸ್ ಹೊಸ ಬಟ್ಟೆ ತೊಟ್ಟುಕೊಳ್ಳುತ್ತದೆ. ದೇಹವನ್ನು ಗೂಢಲಿಪಿಯಲ್ಲಿ ಮುಚ್ಚಿಟ್ಟು, ಅದನ್ನು ಬಿಚ್ಚುವ ಮುಂಭಾಗವನ್ನೂ ಪ್ರತಿ ಸಲ ಬೇರೆ ಥರ ಬರೆಯುತ್ತದೆ. ಗೋಡೆಗೆ ಅಂಟಿಸಿದ ಫೋಟೋದಿಂದ ಇನ್ನು ಉಪಯೋಗವಿಲ್ಲ. ಇದನ್ನು ಬಿಡದೆ ಹಿಡಿಯಲು ಕಂಪೆನಿಗಳಿಗೆ ತಿಂಗಳುಗಳೇ ಬೇಕಾದವು. ಕೊನೆಗೆ ಸಿಕ್ಕ ಉಪಾಯ ಒಳ್ಳೆಯದು: ಅನುಮಾನ ಬಂದ ಕಡತವನ್ನು ಆಂಟಿವೈರಸ್ ತನ್ನೊಳಗೇ ಕಟ್ಟಿಕೊಂಡ ಸುಳ್ಳು ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಓಡಿಸುವುದು. ವೈರಸ್ ತಾನು ನಿಜವಾದ ಯಂತ್ರಕ್ಕೇ ಬಂದಿದ್ದೇನೆ ಅಂತ ಮುಸುಕು ಬಿಚ್ಚುತ್ತದೆ. ಬಿಚ್ಚಿದ ಕೂಡಲೇ ಮುಖ ನೋಡುವುದು. ಇವತ್ತಿನ ಆಂಟಿವೈರಸ್‌ಗಳ ಒಳಗೂ ಈ ಉಪಾಯದ ಮೊಮ್ಮಕ್ಕಳೇ ಕೆಲಸ ಮಾಡುತ್ತಿವೆ.

ಬಹರೈನ್‌ಗೆ ಇಂಟರ್‌ನೆಟ್ ಬಂದದ್ದು 1995ರಲ್ಲಿ, ಬಟೆಲ್ಕೊ ಮೂಲಕ. ಅದಕ್ಕಿಂತ ಮುಂಚೆ ವೈರಸ್ ಇಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಫ್ಲಾಪಿಯಲ್ಲಿ. ಇಂಟರ್‌ನೆಟ್ ಬಂದ ಮೇಲೆ ಕಿಟ್‌ಗಳ ಸ್ವರೂಪವೂ ಬದಲಾಯಿತು. 2000ದ ಮೇ ತಿಂಗಳ ‘ಐ ಲವ್ ಯು’ ಫಿಲಿಪ್ಪೀನ್ಸ್‌ನಿಂದ ಹೊರಟು ಜಗತ್ತು ಸುತ್ತಿತು. ಶಿಕ್ಷಿಸಲು ಅಲ್ಲಿ ಆಗ ತಕ್ಕ ಕಾನೂನೇ ಇರಲಿಲ್ಲ, ಹಾಗಾಗಿ ಮೊಕದ್ದಮೆ ಬಿದ್ದುಹೋಯಿತು. (ನಮ್ಮ ಆಫೀಸಿನ ಫಿಲಿಪಿನೋ ಸಹೋದ್ಯೋಗಿಗಳಿಗೆ ಇದನ್ನು ನೆನಪಿಸಿದರೆ ಇವತ್ತಿಗೂ ಅರ್ಧ ನಾಚಿಕೆ, ಅರ್ಧ ಹೆಮ್ಮೆ!) ಅದು ಕೈಯಲ್ಲಿ ಬರೆದ ವೈರಸ್. ಒಂಬತ್ತು ತಿಂಗಳ ನಂತರ ಬಂದದ್ದು ಮಾತ್ರ ಒರಳಿನಲ್ಲಿ ಒತ್ತಿದ್ದು.

2001ರ ಫೆಬ್ರವರಿ 11ರಂದು ನೆದರ್ಲ್ಯಾಂಡ್ಸ್‌ನ ಸ್ನೇಕ್ ಅನ್ನುವ ಪಟ್ಟಣದ ಇಪ್ಪತ್ತು ವರ್ಷದ ಹುಡುಗನೊಬ್ಬ, ಅರ್ಜೆಂಟೀನಾದ ಇನ್ನೊಬ್ಬ ಹುಡುಗ ಮಾಡಿಟ್ಟಿದ್ದ ಕಿಟ್ಟನ್ನು ಇಳಿಸಿಕೊಂಡು, ಕೆಲವೇ ಗಂಟೆಗಳಲ್ಲಿ ಒಂದು ಮೇಲ್ ವೈರಸ್ ಒತ್ತಿ ಬಿಟ್ಟ. ಟೆನಿಸ್ ಆಟಗಾರ್ತಿ ಅನ್ನಾ ಕೂರ್ನಿಕೋವಾ ಅವರ ಫೋಟೋ ಅನ್ನುವ ವೇಷ. ಕಡತದ ಹೆಸರಿನ ಕೊನೆಯ ಬಾಲವನ್ನು ವಿಂಡೋಸ್ ತೋರಿಸದೆ ಮುಚ್ಚಿಡುತ್ತಿದ್ದದ್ದರಿಂದ ನೋಡಿದವರಿಗೆ ಅದು ಫೋಟೋ ಅಂತಲೇ ಕಾಣುತ್ತಿತ್ತು. ಒತ್ತಿದರೆ ಫೋಟೋ ಇಲ್ಲ, ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದೇ ಮೇಲ್ ಹೋಗುತ್ತಿತ್ತು. ಜನವರಿ 26 ಬಂದರೆ ಡಚ್ ಕಂಪ್ಯೂಟರ್ ಅಂಗಡಿಯೊಂದರ ಜಾಲತಾಣ ತೆರೆಯುವಂತೆಯೂ ಅದರಲ್ಲಿ ಬರೆದಿತ್ತು. ನಮ್ಮ ಗಣರಾಜ್ಯೋತ್ಸವಕ್ಕೂ ಅದಕ್ಕೂ ಸಂಬಂಧವೇನಿಲ್ಲ. ಗಾಬರಿಯಾದ ಹುಡುಗ ಮೂರೇ ದಿನದಲ್ಲಿ ಪೊಲೀಸರ ಮುಂದೆ ಬಂದು ನಿಂತ. ಕೋರ್ಟು 150 ಗಂಟೆಗಳ ಸಮುದಾಯ ಸೇವೆಯ ಶಿಕ್ಷೆ ಕೊಟ್ಟಿತು. ಕಿಟ್ ಮಾಡಿದ ಅರ್ಜೆಂಟೀನಾದ ಹುಡುಗ ತನ್ನ ತಾಣದಿಂದ ಅದನ್ನು ತೆಗೆದುಹಾಕಿ ಸುಮ್ಮನಾದ. ಈ ಕಿಟ್ಟಿನ ಬಿಲ್ಲೆಯೂ ಆಂಟಿವೈರಸ್‌ನವರಿಗೆ ಗುಟ್ಟಾಗಿರಲಿಲ್ಲ. ಆದರೂ ಅದು ಹರಡಿತು. ಯಾಕೆಂದರೆ ಆಫೀಸುಗಳಲ್ಲಿ ಆಂಟಿವೈರಸ್ ಹೊಸತಾಗುವ ವೇಗಕ್ಕಿಂತ ಜನರ ಬೆರಳಿನ ವೇಗ ಜಾಸ್ತಿ ಇತ್ತು.

ಆಚಾರಿಗೆ ಏನು ಶಿಕ್ಷೆ, ಒತ್ತಿದವನಿಗೆ ಏನು ಶಿಕ್ಷೆ ಅನ್ನುವ ಪ್ರಶ್ನೆ ಅಲ್ಲಿಂದ ಇಲ್ಲಿಯವರೆಗೆ ತೊಡಕಾಗಿಯೇ ಉಳಿದಿದೆ. 2001ರ ಬುಡಾಪೆಸ್ಟ್ ಒಪ್ಪಂದ ಅಪರಾಧಕ್ಕೆಂದೇ ಮಾಡಿದ ಸಾಧನಗಳ ತಯಾರಿಕೆ, ಮಾರಾಟಗಳನ್ನೂ ಅಪರಾಧವೆಂದು ಕರೆಯಿತು. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2008ರ ತಿದ್ದುಪಡಿಯ ನಂತರ, ಬೇರೆಯವರ ಕಂಪ್ಯೂಟರಿಗೆ ವೈರಸ್ ಸೇರಿಸಿದವರಿಗೆ, ಸೇರಿಸಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅನ್ನುತ್ತದೆ. ಬಹರೈನ್‌ನಲ್ಲಿ 2014ರ 60ನೇ ನಂಬರಿನ ಕಾನೂನು ಮಾಹಿತಿ ತಂತ್ರಜ್ಞಾನ ಅಪರಾಧಗಳಿಗಾಗಿಯೇ ಬಂತು. ಆಂಟಿವೈರಸ್ ಕಂಪೆನಿಗಳಿಗೂ ಇದೇ ಪೇಚು ಬೇರೆ ರೂಪದಲ್ಲಿ ಬಂತು. ಕಿಟ್ ಇಟ್ಟುಕೊಂಡವನ ಕಂಪ್ಯೂಟರಿಗೆ ಕಿಟ್‌ನಿಂದ ಏನೂ ಆಗುವುದಿಲ್ಲ. ಹಾಗಿದ್ದ ಮೇಲೆ ಅದನ್ನು ಹಿಡಿಯಬೇಕೇ, ಬಿಡಬೇಕೇ? ಹೆಚ್ಚಿನವರು ಹಿಡಿಯುವುದೇ ಸರಿ ಅಂತ ತೀರ್ಮಾನಿಸಿ ಪ್ರತ್ಯೇಕ ಹೆಸರಿಟ್ಟರು. ಕ್ಯಾಸ್ಪರ್‌ಸ್ಕಿ ಇವನ್ನು ‘ಕನ್‌ಸ್ಟ್ರಕ್ಟರ್’ ಅನ್ನುತ್ತದೆ, ಮೈಕ್ರೋಸಾಫ್ಟ್‌ನಲ್ಲಿ ‘ವಿರ್‌ಟೂಲ್’, ‘ಹ್ಯಾಕ್‌ಟೂಲ್’ ಅನ್ನುವ ವರ್ಗಗಳಿವೆ. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ಕಳ್ಳಭಟ್ಟಿ ಕುಡಿದವನನ್ನು ಹಿಡಿದು, ಭಟ್ಟಿಯ ಹಂಡೆಯನ್ನು ಹಾಗೇ ಬಿಟ್ಟು ಬರುವ ಅಬಕಾರಿ ಇಲಾಖೆಯನ್ನು ಯಾರು ಮೆಚ್ಚುತ್ತಾರೆ?

ಈಗ ಗಲ್ಫಿಗೆ ಬರೋಣ. 1998ರಲ್ಲಿ ಬಂದ ‘ನೆಟ್‌ಬಸ್’, ‘ಬ್ಯಾಕ್ ಓರಿಫಿಸ್’ಗಳಿಂದ ಇನ್ನೊಂದು ಜಾತಿ ಶುರುವಾಗಿತ್ತು. ದೂರದಲ್ಲಿ ಕೂತು ಇನ್ನೊಬ್ಬರ ಕಂಪ್ಯೂಟರ್ ಆಡಿಸುವ ಇವಕ್ಕೆ ಇಂಗ್ಲಿಷಿನ ಮೊದಲಕ್ಷರ ಸೇರಿಸಿ ‘ರಾಟ್’ ಅನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ಇಲಿಯೇ, ಬಿಲ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಕೀಬೋರ್ಡಿನಲ್ಲಿ ಒತ್ತಿದ್ದನ್ನು ಓದುತ್ತದೆ, ಕ್ಯಾಮರಾ ತೆರೆಯುತ್ತದೆ, ಪಾಸ್‌ವರ್ಡ್ ಕದಿಯುತ್ತದೆ. 2012-13ರಲ್ಲಿ ಅರಬ್ಬಿ ಭಾಷೆಯ ತಾಣಗಳಲ್ಲಿ ‘ಎನ್‌ಜೆರಾಟ್’ ಅನ್ನುವ ಕಿಟ್ ಪುಕ್ಕಟೆಯಾಗಿ ಹರಿದಾಡತೊಡಗಿತು. ಮಾಡಿದವನು ಇಟ್ಟುಕೊಂಡ ಅಡ್ಡಹೆಸರಿನಲ್ಲಿ ‘ಕ್ಯೂ 8’ ಇತ್ತು. ಓದಿ ನೋಡಿ, ಕುವೈತ್! ಬಳಸುವುದು ಹೇಗೆಂದು ಅರಬ್ಬಿಯಲ್ಲೇ ಹೇಳಿಕೊಡುವ ವಿಡಿಯೋಗಳೂ ಧಾರಾಳವಾಗಿ ಸಿಗುತ್ತಿದ್ದವು. ಭಾಷೆ ತಮ್ಮದಾದದ್ದೇ ಇದು ಇಷ್ಟು ಹರಡಲು ದೊಡ್ಡ ಕಾರಣ. ಸಿಮಾಂಟೆಕ್ ಕಂಪೆನಿ 2014ರ ಮಾರ್ಚ್‌ನಲ್ಲಿ ಲೆಕ್ಕ ಹಾಕಿದಾಗ ಈ ಒಂದು ಕಿಟ್ ಹಿಡಿದು ಕೆಲಸ ಮಾಡುತ್ತಿದ್ದ 487 ಗುಂಪುಗಳು ಸಿಕ್ಕವು. ಸುಮಾರು 24,000 ಕಂಪ್ಯೂಟರುಗಳು ಅವರ ವಶದಲ್ಲಿದ್ದವು. ಅವನ್ನು ಆಡಿಸುವ ಕೇಂದ್ರಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದಲ್ಲಿದ್ದವು. ಹರಡಿದ ದಾರಿಗಳಲ್ಲಿ ನಮ್ಮೆಲ್ಲರ ಜೇಬಿನ ಪೆನ್ ಡ್ರೈವ್ ಒಂದು.

ನಮ್ಮ ಶಾರ್ಟ್‌ಕಟ್ ಕಾಟ ಈ ಎನ್‌ಜೆರಾಟ್‌ಗೆ ದಾಯಾದಿ. ಮೈಕ್ರೋಸಾಫ್ಟ್ ಒಂದನ್ನು ‘ಬ್ಲಾಡಬಿಂಡಿ’, ಇನ್ನೊಂದನ್ನು ‘ಜೆಂಕ್ಸ್‌ಕಸ್’ ಅಂತ ಕರೆಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ ತನ್ನ ತಂತ್ರಾಂಶ ಇವೆರಡನ್ನು 74 ಲಕ್ಷ ಸಲ ಕಂಡಿದೆ ಅಂತ ಹೇಳಿ, 2014ರ ಜೂನ್ 30ರಂದು ಅಮೆರಿಕದ ಕೋರ್ಟಿನ ಆದೇಶ ಹಿಡಿದು ಅಸಾಮಾನ್ಯ ಕ್ರಮಕ್ಕೆ ಇಳಿಯಿತು. ಕುವೈತ್ ಮತ್ತು ಅಲ್ಜೀರಿಯಾದ ಇಬ್ಬರ ಮೇಲೆ ಸಿವಿಲ್ ದಾವೆ. ಜೊತೆಗೆ, ಈ ವೈರಸ್ಸುಗಳು ತಮ್ಮ ಯಜಮಾನನ ವಿಳಾಸ ಹುಡುಕಲು ಬಳಸುತ್ತಿದ್ದ ‘ನೋ-ಐಪಿ’ ಅನ್ನುವ ಅಮೆರಿಕನ್ ಸೇವೆಯ ಇಪ್ಪತ್ತಕ್ಕೂ ಹೆಚ್ಚು ಡೊಮೇನ್‌ಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ನೋ-ಐಪಿ ಕಳ್ಳರ ಸೇವೆಯಲ್ಲ. ಅಂಗಡಿಯ ಸಿಸಿಟಿವಿಯನ್ನು ಮನೆಯಿಂದ ನೋಡುವವರು, ಸಣ್ಣ ಆಫೀಸಿನ ಸರ್ವರ್ ಇಟ್ಟುಕೊಂಡವರು ಬಳಸುವಂಥದ್ದು. ಇಲ್ಲಿ ಸಿಸಿಟಿವಿ ಕೆಲಸ ಮಾಡುವ ನಮ್ಮ ಹುಡುಗರಿಗೆಲ್ಲ ಆ ಹೆಸರು ಗೊತ್ತು. ಮೈಕ್ರೋಸಾಫ್ಟ್‌ನ ಸರ್ವರುಗಳಿಗೆ ಆ ಹೊರೆ ತಡೆಯಲಿಲ್ಲ. ಏನೂ ಅರಿಯದ ಲಕ್ಷಗಟ್ಟಲೆ ಗಿರಾಕಿಗಳ ಸಂಪರ್ಕ ಕಡಿದುಹೋಯಿತು. ಕೆಲವೇ ದಿನಗಳಲ್ಲಿ ಡೊಮೇನ್‌ಗಳನ್ನು ಹಿಂದಿರುಗಿಸಿ, ನೋ-ಐಪಿ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು. ಹೆಗ್ಗಣ ಹಿಡಿಯಲು ಹೋಗಿ ಗುಡಿಗೇ ಬೆಂಕಿ ಇಟ್ಟ ಹಾಗೆ. ಎನ್‌ಜೆರಾಟ್ ಮಾತ್ರ ಸಾಯಲಿಲ್ಲ, ಬೇರೆ ಬೇರೆ ಕೈಗಳಲ್ಲಿ ರೂಪ ಬದಲಿಸುತ್ತ ಇಂದಿಗೂ ಓಡಾಡುತ್ತಿದೆ.

ಅದೇ ಮೇ ತಿಂಗಳಲ್ಲಿ ‘ಬ್ಲ್ಯಾಕ್‌ಶೇಡ್ಸ್’ ಅನ್ನುವ ಕಿಟ್ಟಿನ ಹಿಂದೆ ಬಿದ್ದ ಪೊಲೀಸರು ಹತ್ತಾರು ದೇಶಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಜನರನ್ನು ಹಿಡಿದಿದ್ದರು. ಬೆಲೆ 40 ಡಾಲರ್, ನಮ್ಮ ಲೆಕ್ಕದಲ್ಲಿ ಹದಿನೈದು ದಿನಾರ್. ಸರಕಾರಗಳಿಗೆ ಮಾರುವ ದುಬಾರಿ ಕಿಟ್‌ಗಳ ಕತೆ ಬೇರೆಯೇ ಇದೆ, ಅದಕ್ಕೆ ಈ ಲೇಖನದಲ್ಲಿ ಕೈ ಹಾಕುವುದಿಲ್ಲ.

ಇಷ್ಟೊಂದು ಪ್ರಸಿದ್ಧ ಕಿಟ್ಟಿನ ಚಕ್ಕುಲಿಯನ್ನು ಯಾವ ಆಂಟಿವೈರಸ್ಸೂ ಹಿಡಿಯಬೇಕಲ್ಲ ಅಂತ ಕೇಳಬಹುದು. ಹೌದು, ಬರಿ ಚಕ್ಕುಲಿಯಾದರೆ ಹಿಡಿಯುತ್ತದೆ. ಅದಕ್ಕೇ ಎರಡನೇ ಅಂಗಡಿ ಹುಟ್ಟಿಕೊಂಡಿತು. ‘ಕ್ರಿಪ್ಟರ್’ ಅನ್ನುವ ಇನ್ನೊಂದು ಬಗೆಯ ಸಾಧನ ತಯಾರಾದ ವೈರಸ್ಸನ್ನು ಹೊಸ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತದೆ. ಪೊಟ್ಟಣ ಹಳೆಯದಾದಂತೆ ಇನ್ನೊಂದು ಕೊಳ್ಳಬೇಕು. ಪೊಟ್ಟಣ ಸಾಕಷ್ಟು ಗಟ್ಟಿ ಇದೆಯೇ ಅಂತ ಪರೀಕ್ಷಿಸಲು ಮೂರನೇ ಅಂಗಡಿ. ಸಜ್ಜನರಿಗೆ ‘ವೈರಸ್‌ಟೋಟಲ್’ ಇದೆ. ಸ್ಪೇನಿನಲ್ಲಿ 2004ರಲ್ಲಿ ಶುರುವಾಗಿ, 2012ರಲ್ಲಿ ಗೂಗಲ್ ಕೊಂಡುಕೊಂಡ ತಾಣ ಅದು. ಅನುಮಾನದ ಕಡತ ಹಾಕಿದರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಹೇಳುತ್ತದೆ. ಜೊತೆಗೆ ಆ ಕಡತವನ್ನು ಆಂಟಿವೈರಸ್ ಕಂಪೆನಿಗಳಿಗೂ ಕಳಿಸುತ್ತದೆ. ಕಳ್ಳನಿಗೆ ಬೇಡವಾದದ್ದು ಈ ಎರಡನೆಯದು. ಹಾಗಾಗಿ 2009ರಿಂದ 2016ರವರೆಗೆ ‘ಸ್ಕ್ಯಾನ್ ಫಾರ್ ಯು’ ಅನ್ನುವ ತಾಣ ಅದೇ ಕೆಲಸವನ್ನು ಯಾರಿಗೂ ಹೇಳದೆ, ದುಡ್ಡಿಗೆ ಮಾಡಿಕೊಟ್ಟಿತು. ಅದನ್ನು ನಡೆಸಿದವರಲ್ಲಿ ಒಬ್ಬನಿಗೆ 2018ರಲ್ಲಿ ಅಮೆರಿಕದ ಕೋರ್ಟು 14 ವರ್ಷ ಜೈಲು ವಿಧಿಸಿತು. ಒಂದೂ ವೈರಸ್ ಬರೆಯದವನಿಗೆ ಹದಿನಾಲ್ಕು ವರ್ಷ. ಕೂರ್ನಿಕೋವಾ ಹುಡುಗನ 150 ಗಂಟೆಗಳಿಂದ ಜಗತ್ತು ಎಷ್ಟು ದೂರ ಬಂತು ನೋಡಿ.

ಆಂಟಿವೈರಸ್ ಈ ಹೊತ್ತಿಗೆ ಮುಖ ನೋಡುವುದನ್ನು ಬಿಟ್ಟು ನಡತೆ ನೋಡಲು ಕಲಿತಿತ್ತು. ಕಡತ ಯಾವುದೇ ಇರಲಿ, ಓಡಲು ಶುರುವಾದ ಮೇಲೆ ಅದು ಕೀಬೋರ್ಡ್ ಕದ್ದು ಕೇಳುತ್ತಿದೆಯೇ, ಗೊತ್ತಿಲ್ಲದ ವಿಳಾಸಕ್ಕೆ ಕರೆ ಮಾಡುತ್ತಿದೆಯೇ ಅಂತ ಕಾದು ನೋಡುವುದು. ಆದರೆ ಸಜ್ಜನ ಸಾಧನವನ್ನೇ ಕೆಟ್ಟ ಕೆಲಸಕ್ಕೆ ಬಳಸಿದರೆ? ನಮ್ಮ ಮಗ್ಗುಲಲ್ಲೇ ಉದಾಹರಣೆ ಇದೆ. 2012ರ ಆಗಸ್ಟ್ 15ರಂದು, ರಂಜಾನ್ ಕೊನೆಯ ದಿನಗಳಲ್ಲಿ, ಸೌದಿ ಅರಾಮ್ಕೊದ ಸುಮಾರು 30,000 ಕಂಪ್ಯೂಟರುಗಳನ್ನು ‘ಶಮೂನ್’ ಒರೆಸಿಹಾಕಿತು. ಡಿಸ್ಕಿನ ಮೇಲೆ ನೇರವಾಗಿ ಬರೆಯಲು ಅದು ಬಳಸಿದ್ದು ಎಲ್ಡೋಸ್ ಅನ್ನುವ ಕಂಪೆನಿ ಕಾನೂನುಬದ್ಧವಾಗಿ ಮಾರುತ್ತಿದ್ದ ಡ್ರೈವರ್. 2019ರ ಡಿಸೆಂಬರ್ 29ರ ‘ಡಸ್ಟ್‌ಮನ್’ ಕೂಡ ಅದೇ ಡ್ರೈವರ್ ಬಳಸಿತು. ಆ ದಾಳಿ ನಡೆದದ್ದು ಬಹರೈನ್‌ನ ಬಾಪ್ಕೊ ಮೇಲೆ ಅಂತ ಝಡ್‌ಡಿನೆಟ್ ಸುದ್ದಿತಾಣ ವರದಿ ಮಾಡಿತು. ಸೌದಿಯ ಸೈಬರ್ ಭದ್ರತಾ ಪ್ರಾಧಿಕಾರದ ವರದಿಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಮಾತು ಇನ್ನೊಂದು. ಒಳನುಗ್ಗಿದವರು ಡಸ್ಟ್‌ಮನ್ನನ್ನು ಎಲ್ಲ ಕಂಪ್ಯೂಟರುಗಳಿಗೆ ಹಂಚಿದ್ದು ಆ ಸಂಸ್ಥೆಯ ಆಂಟಿವೈರಸ್ ನಿಯಂತ್ರಿಸುವ ವ್ಯವಸ್ಥೆಯ ಮೂಲಕವೇ. ಎಲ್ಲ ಯಂತ್ರಗಳಿಗೂ ಪ್ರವೇಶ ಇರುವುದು, ಯಾರೂ ಪ್ರಶ್ನಿಸದೆ ಒಳಗೆ ಬಿಡುವುದು ಕಾವಲುಗಾರನನ್ನೇ ತಾನೇ.

ದೊಡ್ಡ ಕಂಪೆನಿಗಳ ಮಾತು ಹಾಗಿರಲಿ. ನಮ್ಮ ಮಟ್ಟದಲ್ಲಿ ಕಾವಲುಗಾರನನ್ನು ನಾವೇ ಕಳಿಸಿಬಿಡುತ್ತೇವೆ. ಆಟೋಕ್ಯಾಡ್ ಕಲಿಯಬೇಕು, ಫೋಟೋಶಾಪ್ ಬೇಕು, ಕೊಳ್ಳಲು ದುಡ್ಡಿಲ್ಲ. ಕ್ರ್ಯಾಕ್ ಹುಡುಕಿದರೆ ಅದರ ಜೊತೆಗಿನ ಚೀಟಿಯಲ್ಲಿ ಮೊದಲ ಸೂಚನೆಯೇ ಆಂಟಿವೈರಸ್ ಆಫ್ ಮಾಡಿ ಅನ್ನುವುದು. ಆಂಟಿವೈರಸ್ ಅದನ್ನು ‘ಹ್ಯಾಕ್‌ಟೂಲ್’ ಅಂತ ಹಿಡಿದರೆ, ‘ಅದು ಕ್ರ್ಯಾಕ್ ಆದ್ದರಿಂದ ಹಾಗನ್ನುತ್ತೆ ಮಾರಾಯ, ವೈರಸ್ ಅಲ್ಲ’ ಅಂತ ಪಕ್ಕದವರ ಸಮಾಧಾನ. ಕೆಲವೊಮ್ಮೆ ಅದು ನಿಜವೂ ಹೌದು. ಹೌದಾಗುವುದರಿಂದಲೇ, ಕ್ರ್ಯಾಕಿನ ಒಳಗೆ ರಾಟ್ ಕಟ್ಟಿ ಇಟ್ಟವನಿಗೆ ಕೆಲಸ ಸುಲಭ.

ಕಂಪ್ಯೂಟರಿನಿಂದ ಫೋನಿಗೆ ಬಂದಾಗ ಒರಳೂ ಹಿಂದೆಯೇ ಬಂತು. 2012ರಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು ಕಾಲೇಜು ಪ್ರಾಜೆಕ್ಟ್ ಅಂತ ಬರೆದು ಬಹಿರಂಗವಾಗಿಟ್ಟ ‘ಆಂಡ್ರೋರಾಟ್’ ಆಧರಿಸಿ, ಮರುವರ್ಷವೇ ಯಾವುದೇ ಒಳ್ಳೆಯ ಆ್ಯಪ್‌ನ ಹೊಟ್ಟೆಯಲ್ಲಿ ರಾಟ್ ಸೇರಿಸುವ ಸಾಧನ 37 ಡಾಲರಿಗೆ ಸಿಗುತ್ತಿತ್ತು. 2014ರ ‘ಡೆಂಡ್ರಾಯ್ಡ್’ ಕಿಟ್ಟಿನ ಬೆಲೆ 300 ಡಾಲರ್. ಅದನ್ನು ಬರೆದವನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅದೂ ಫೈರ್‌ಐ ಅನ್ನುವ ಭದ್ರತಾ ಕಂಪೆನಿಯಲ್ಲಿ ಇಂಟರ್ನ್ ಆಗಿದ್ದವನು.

ಊರಿನಲ್ಲಿ ಈಗ ವಾಟ್ಸ್‌ಆ್ಯಪ್‌ಗೆ ಬರುತ್ತಿರುವ ಮದುವೆ ಆಮಂತ್ರಣ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ ಹೆಸರಿನ ಎಪಿಕೆ ಕಡತಗಳು ಇದೇ ವಂಶದವು. ಒತ್ತಿದರೆ ಆ್ಯಪ್ ಕೂರುತ್ತದೆ, ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ, ಒಟಿಪಿಗಳು ಬೇರೆಲ್ಲಿಗೋ ಹೋಗುತ್ತವೆ. ಮಗ ಗಲ್ಫಿನಲ್ಲಿ, ಅವನು ಕಳಿಸಿದ ದುಡ್ಡು ಊರಿನ ಬ್ಯಾಂಕಿನಲ್ಲಿ, ಆ ಬ್ಯಾಂಕಿನ ಒಟಿಪಿ ಬರುವುದು ಅಪ್ಪನ ಫೋನಿಗೆ. ನಮ್ಮಲ್ಲಿ ಎಷ್ಟು ಮನೆಗಳ ವ್ಯವಸ್ಥೆ ಹೀಗೇ ಇಲ್ಲ? ದುಡ್ಡು ಹೋದದ್ದು ಗೊತ್ತಾದ ಕೂಡಲೇ ಊರಿನಲ್ಲಿದ್ದವರು 1930ಕ್ಕೆ ಕರೆ ಮಾಡಬೇಕು. ಗಂಟೆಗಳು ಕಳೆದಷ್ಟೂ ಅದು ಕೈಯಿಂದ ಕೈಗೆ ದಾಟುತ್ತದೆ. ಕಿಟ್ಟೇ ಬೇಡದ ದಾರಿಯೂ ಇದೆ. ಎನಿಡೆಸ್ಕ್ ಥರದ ಪ್ರಾಮಾಣಿಕ ಆ್ಯಪ್ಪನ್ನೇ ಹಾಕಿಸಿ ಫೋನ್ ಪರದೆ ನೋಡುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಅದನ್ನು ಯಾವ ಆಂಟಿವೈರಸ್ಸೂ ವೈರಸ್ ಅನ್ನುವುದಿಲ್ಲ, ಅನ್ನುವಂತೆಯೂ ಇಲ್ಲ. ನಾವೇ ಆಫೀಸಿನಲ್ಲಿ ದಿನಾ ಬಳಸುವ ಸಾಧನ ಅದು.

ಗೂಗಲ್ 2023ರ ಅಕ್ಟೋಬರಿನಲ್ಲಿ, ಪ್ಲೇ ಸ್ಟೋರ್ ಹೊರಗಿನಿಂದ ಬರುವ ಹೊಸ ಆ್ಯಪ್ಪನ್ನು ಕೂರಿಸುವ ಹೊತ್ತಿಗೇ ಅದರ ಒಳಗಿನ ಕೋಡ್ ಬಗೆದು ನೋಡುವ ವ್ಯವಸ್ಥೆಯನ್ನು ಪ್ಲೇ ಪ್ರೊಟೆಕ್ಟ್‌ಗೆ ಸೇರಿಸಿತು. ಜಗತ್ತಿನಲ್ಲಿ ಅದು ಮೊದಲು ಬಂದದ್ದು ಭಾರತಕ್ಕೆ. ಕಾರಣ ಹಳೆಯದೇ, ಮ್ಯುಟೇಷನ್ ಎಂಜಿನ್ ಕಾಲದ್ದು: ಪ್ರತಿ ಎಪಿಕೆಯೂ ಹೊಸ ಮುಖ ಹೊತ್ತು ಬರುತ್ತಿತ್ತು. ಮರುವರ್ಷ, ಎಸ್ಸೆಮ್ಮೆಸ್ ಓದುವಂಥ ಅನುಮತಿ ಕೇಳುವ ಹೊರಗಿನ ಆ್ಯಪ್‌ಗಳನ್ನು ಕೂರಲೇ ಬಿಡದ ಪ್ರಯೋಗ ಸಿಂಗಾಪುರದಲ್ಲಿ ಶುರುವಾಗಿ ಭಾರತಕ್ಕೂ ಬಂತು. ಮೋಸಗಾರರು ಅದಕ್ಕೂ ದಾರಿ ಕಂಡುಕೊಂಡರು. ಫೋನಿನಲ್ಲಿ ಮಾತಾಡುತ್ತಲೇ, ‘ಅಂಕಲ್, ಸೆಟ್ಟಿಂಗ್‌ಗೆ ಹೋಗಿ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡುವುದು. ಹಾಗಾಗಿ ಗುರುತಿಲ್ಲದವರ ಕರೆ ನಡೆಯುತ್ತಿರುವಾಗ ಅದನ್ನು ಆಫ್ ಮಾಡಲು ಬಿಡದ ತಡೆಯನ್ನು ಗೂಗಲ್ 2025ರಲ್ಲಿ ತಿಳಿಸಿತು. ಅದು ಹಳೆಯ ಫೋನುಗಳಿಗೂ ಉಂಟು. ಆದರೆ ಅದೇ ಕರೆಯ ನಡುವೆ ಹೊರಗಿನ ಆ್ಯಪ್ ಕೂರಿಸುವುದನ್ನು, ಫೋನಿನ ಪೂರ್ತಿ ಹಿಡಿತ ಕೊಡುವ ಅನುಮತಿಯನ್ನು ತಡೆಯುವ ಏರ್ಪಾಡು ಆಂಡ್ರಾಯ್ಡ್ 16 ಇರುವವರಿಗೆ ಮಾತ್ರ. ರಜೆಗೆ ಊರಿಗೆ ಹೋದಾಗ ನಾವು ಹೊಸ ಫೋನ್ ಜೇಬಿನಲ್ಲಿಟ್ಟುಕೊಂಡು, ಹಳೆಯದನ್ನು ‘ಇನ್ನೂ ಚೆನ್ನಾಗಿದೆ’ ಅಂತ ಅಪ್ಪನ ಕೈಗೆ ಕೊಟ್ಟು ಬರುತ್ತೇವಲ್ಲ, ಅದಕ್ಕೆ ಆಂಡ್ರಾಯ್ಡ್ 16 ಬರುವುದಿಲ್ಲ.